ಸ್ಟೀರಿಯೊಗೆ ಸಬ್‌ವೂಫರ್ ಸೇರಿಸಿದ ಮೇಲೆ: 73 ಹರ್ಟ್ಜ್‌ನ ಹಳ್ಳದ ಪ್ರಕರಣ

ಗೆಳೆಯರೊಬ್ಬರು ತಮ್ಮ ಸ್ಟೀರಿಯೊಗೆ ಹೊಸದಾಗಿ ಸಬ್‌ವೂಫರ್ (ಅತಿ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಸೇರಿಸಿದ್ದರು. ಬೇಸ್ ಜಾಸ್ತಿ ಆಯಿತು, ಸಂಗೀತ ಮಾತ್ರ ಕೆಟ್ಟಿತು. ಬೇಸ್ ಗಿಟಾರ್‌ನ ದಪ್ಪ ತಂತಿ ಮೀಟಿದರೆ ಕೋಣೆಯೆಲ್ಲ ಗುಂಯ್ ಎನ್ನುತ್ತಿತ್ತು. ಅದೇ ಗಿಟಾರ್ ಸ್ವಲ್ಪ ಮೇಲಿನ ಸ್ವರಗಳಿಗೆ ಹೋದರೆ ಬೇಸ್ ಇದ್ದಕ್ಕಿದ್ದಂತೆ ತೆಳ್ಳಗಾಗುತ್ತಿತ್ತು. ಕಿಕ್ ಡ್ರಮ್‌ಗೆ ಪೆಟ್ಟೇ ಇರಲಿಲ್ಲ. ಪೆಟ್ಟು ಬರಲಿ ಎಂದು ಸಬ್‌ನ ವಾಲ್ಯೂಮ್ ಏರಿಸಿದರೆ ಗುಂಯ್ ಏರುತ್ತಿತ್ತು, ಪೆಟ್ಟು ಬರುತ್ತಿರಲಿಲ್ಲ. ಇಳಿಸಿದರೆ ಸಬ್ ಇದ್ದೂ ಇಲ್ಲದ ಹಾಗೆ. ಗಂಡಸರ ದನಿಗೆ ಬೇಡದ ದಪ್ಪ ಬೇರೆ ಬಂದಿತ್ತು.

ಸಬ್ ಬದಲಾಯಿಸಬೇಕಾ ಅಂತ ಅವರು ಕೇಳಿದರು. ಬೇಡ ಅಂದೆ. ಈ ಲಕ್ಷಣಗಳು ಸಬ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಸಬ್ ಎಲ್ಲಿದೆ, ಕೇಳುವವರು ಎಲ್ಲಿ ಕೂತಿದ್ದಾರೆ, ಸಬ್ಬೂ ಸ್ಪೀಕರ್‌ಗಳೂ ಒಂದೇ ಹೊತ್ತಿಗೆ ಮಾತಾಡುತ್ತಿವೆಯೇ ಎಂಬ ಮೂರು ಪ್ರಶ್ನೆ ಕೇಳುತ್ತವೆ. ನಾಬ್ ತಿರುಗಿಸುವ ಕೆಲಸ ಇವೆಲ್ಲ ಆದ ಮೇಲೆ.

ಕೋಣೆ ಮತ್ತು ಸಾಮಾನು

ಕೋಣೆಯ ಉದ್ದ 4.2 ಮೀಟರ್, ಅಗಲ 3.4, ಎತ್ತರ 2.9. ಸ್ಪೀಕರ್‌ಗಳು ಅಗಲದ ಗೋಡೆಯ ಕಡೆ, ಉದ್ದಕ್ಕೆ ಮುಖ ಮಾಡಿ ನಿಂತಿದ್ದವು. ಸೋಫಾ ಎದುರು ಗೋಡೆಗೆ ಪೂರ್ತಿ ಒತ್ತಿಕೊಂಡಿತ್ತು. ಸ್ಪೀಕರ್‌ಗಳು 6.5 ಇಂಚಿನ ವೂಫರ್ ಇರುವ, ಹಿಂದೆ ಪೋರ್ಟ್ (ಗಾಳಿಕಿಂಡಿ) ಇರುವ ಬುಕ್‌ಶೆಲ್ಫ್ ಜೋಡಿ. ಸುಮಾರು 50 ಹರ್ಟ್ಜ್ ತನಕ ಇಳಿಯುತ್ತವೆ. ಸಬ್ 12 ಇಂಚಿನದು, ಮುಚ್ಚಿದ ಪೆಟ್ಟಿಗೆ, ಒಳಗೇ ಆಂಪ್ಲಿಫೈಯರ್. ಅದು ಮುಂದಿನ ಮೂಲೆಯಲ್ಲಿತ್ತು, ಏಕೆಂದರೆ ಖಾಲಿ ಇದ್ದದ್ದು ಆ ಜಾಗ.

ಸ್ಪೀಕರ್‌ಗಳಿಗೆ ಪೂರ್ತಿ ಸಿಗ್ನಲ್ ಹೋಗುತ್ತಿತ್ತು. ಅಂದರೆ ಬೇಸ್ ಅನ್ನು ಅವುಗಳಿಂದ ಯಾರೂ ಕತ್ತರಿಸಿರಲಿಲ್ಲ. ಸಬ್‌ನ ಲೋ-ಪಾಸ್ ನಾಬ್ (ಮೇಲಿನ ಸ್ವರಗಳನ್ನು ಕತ್ತರಿಸುವುದು) 120 ಹರ್ಟ್ಜ್‌ನಲ್ಲಿತ್ತು, ಫೇಸ್ ನಾಬ್ (ಅಲೆಯ ಏರಿಳಿತವನ್ನು ಸರಿಸುವುದು) ಸೊನ್ನೆಯಲ್ಲಿ. ಹೀಗಾಗಿ 50ರಿಂದ 120 ಹರ್ಟ್ಜ್ ತನಕ ಮೂರು ಪೆಟ್ಟಿಗೆಗಳು ಒಂದೇ ಸ್ವರವನ್ನು ಮೂರು ಜಾಗದಿಂದ ನುಡಿಸುತ್ತಿದ್ದವು. ಗಂಡಸರ ದನಿ ದಪ್ಪಗಾದದ್ದು ಇದರಿಂದಲೇ. ಆ ದನಿಯ ತಳ ಬರುವುದು ಸುಮಾರು 100 ಹರ್ಟ್ಜ್‌ನ ಆಸುಪಾಸಿನಲ್ಲಿ. ಅಲ್ಲಿ ಸಬ್‌ಗೆ ಕೆಲಸವೇ ಇಲ್ಲ.

ಕಿವಿಗಿಂತ ಮೊದಲು ಮೈಕ್

ಕಿವಿಯೇ ಕೊನೆಯ ತೀರ್ಪು ಕೊಡಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ 100 ಹರ್ಟ್ಜ್‌ಗಿಂತ ಕೆಳಗೆ ಏನು ತಪ್ಪಿದೆ ಎಂದು ಹುಡುಕಲು ಕಿವಿ ಒಂದೇ ಸಾಲದು. ಎಲ್ಲೋ ಜಾಸ್ತಿ ಇದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಯುಮಿಕ್-1 ಎಂಬ ಯುಎಸ್‌ಬಿ ಮೈಕ್ ಬಳಸಿದೆವು. ಪ್ರತಿ ಮೈಕ್‌ಗೂ ಅದರ ಅಳತೆಯ ತಪ್ಪನ್ನು ತಿದ್ದುವ ಅದರದ್ದೇ ಕ್ಯಾಲಿಬ್ರೇಷನ್ ಫೈಲ್ ಸಿಗುತ್ತದೆ. ಸಾಫ್ಟ್‌ವೇರ್ ರೂಮ್ ಈಕ್ಯೂ ವಿಝಾರ್ಡ್. ಇದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಮೈಕ್ ಅನ್ನು ಸೋಫಾದಲ್ಲಿ ಕೂತಾಗ ತಲೆ ಇರುವ ಜಾಗಕ್ಕೆ, ಕಿವಿಯ ಎತ್ತರಕ್ಕೆ ನಿಲ್ಲಿಸಿದೆವು. ಗ್ರಾಫ್ ನುಣುಪು ಮಾಡುವ ಆಯ್ಕೆಯನ್ನು ಬೇಸ್ ಭಾಗಕ್ಕೆ ಹಾಕಲೇ ಇಲ್ಲ. ಹಾಕಿದರೆ ಉಬ್ಬು ತಗ್ಗುಗಳು ಮುಚ್ಚಿಹೋಗುತ್ತವೆ, ನಾವು ನೋಡಲು ಬಂದದ್ದೇ ಅವನ್ನು.

ಇಲ್ಲಿ ಒಂದು ಕ್ರಮ ತುಂಬ ಮುಖ್ಯ. ಮೊದಲೇ ಎಲ್ಲವನ್ನೂ ಒಟ್ಟಿಗೆ ಅಳೆಯಬಾರದು. ಎಡ ಸ್ಪೀಕರ್ ಒಂದೇ, ಬಲ ಒಂದೇ, ಎರಡೂ ಸ್ಪೀಕರ್ ಸೇರಿ, ಸಬ್ ಒಂದೇ. ಆಮೇಲೆ ಎಲ್ಲವೂ ಸೇರಿ. ಈ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಅರ್ಧ ಪ್ರಕರಣ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಮೂರು ಸಂಗತಿ ಕಂಡವು.

41 ಹರ್ಟ್ಜ್‌ನಲ್ಲಿ ದೊಡ್ಡ ಉಬ್ಬು. ಅಕ್ಕಪಕ್ಕಕ್ಕಿಂತ 13 ಡೆಸಿಬಲ್ ಜಾಸ್ತಿ. ಸದ್ದು ನಿಂತು ಅರ್ಧ ಸೆಕೆಂಡ್ ಕಳೆದರೂ ಆ ಸ್ವರ ಕೋಣೆಯಲ್ಲಿ ಉಳಿದಿರುತ್ತಿತ್ತು. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41.2 ಹರ್ಟ್ಜ್. ಗುಂಯ್ ಎನ್ನುತ್ತಿದ್ದದ್ದು ಇದೇ.

73 ಹರ್ಟ್ಜ್ ಹತ್ತಿರ ಹಳ್ಳ. ಸುಮಾರು 11 ಡೆಸಿಬಲ್ ಆಳ. ಅದೇ ಗಿಟಾರ್‌ನ ಡಿ ಸ್ವರ 73.4 ಹರ್ಟ್ಜ್. ಕಿಕ್ ಡ್ರಮ್‌ನ ಪೆಟ್ಟಿನ ತೂಕ ಬರುವುದೂ ಹೆಚ್ಚಾಗಿ ಈ ಸುತ್ತಲಿನಿಂದಲೇ.

107 ಹರ್ಟ್ಜ್ ಹತ್ತಿರ ಇನ್ನೊಂದು ಹಳ್ಳ.

ನೋಡಲು ಎರಡೂ ಹಳ್ಳ ಒಂದೇ ತರಹ. ಆದರೆ ಅವುಗಳ ಕಾರಣ ಬೇರೆ, ಮದ್ದೂ ಬೇರೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವೇ ಈ ವ್ಯತ್ಯಾಸ.

ಎರಡು ಹಳ್ಳ, ಎರಡು ಕಾರಣ

73 ಹರ್ಟ್ಜ್‌ನಲ್ಲಿ ಸ್ಪೀಕರ್‌ಗಳ ಗ್ರಾಫ್ ನೋಡಿದರೆ ಚೆನ್ನಾಗಿತ್ತು. ಸಬ್‌ನ ಗ್ರಾಫ್ ನೋಡಿದರೂ ಚೆನ್ನಾಗಿತ್ತು. ಎರಡೂ ಸೇರಿದಾಗ ಮಾತ್ರ ಒಂದೊಂದರ ಮಟ್ಟಕ್ಕಿಂತಲೂ ಕೆಳಗೆ ಬಿದ್ದಿತ್ತು. ಒಂದೇ ಮಟ್ಟದ ಎರಡು ಸದ್ದು ಸರಿಯಾಗಿ ಕೂಡಿದರೆ 6 ಡೆಸಿಬಲ್ ಏರಬೇಕು. ಇಲ್ಲಿ ಕಳೆಯುತ್ತಿದೆ. ಅಂದರೆ ಒಂದು ಗಾಳಿಯನ್ನು ಒತ್ತುವಾಗ ಇನ್ನೊಂದು ಎಳೆಯುತ್ತಿದೆ. ಇದು ಫೇಸ್ ತೊಂದರೆ.

ಖಾತ್ರಿ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಸಬ್‌ನ ಪೊಲಾರಿಟಿ ತಿರುಗಿಸಿ, ಅಂದರೆ ಅದು ಒತ್ತುವಲ್ಲಿ ಎಳೆಯುವಂತೆ ಮಾಡಿ, ಮತ್ತೆ ಅಳೆಯುವುದು. ತಿರುಗಿಸಿದ ಕೂಡಲೇ 73ರ ಹಳ್ಳ ತುಂಬಿಕೊಂಡಿತು. 107ರ ಹಳ್ಳ ಅಲುಗಲೂ ಇಲ್ಲ. ಅದು ಸಬ್ ಆಫ್ ಇದ್ದಾಗಲೂ ಸ್ಪೀಕರ್‌ಗಳ ಗ್ರಾಫ್‌ನಲ್ಲಿ ಹಾಗೇ ಇತ್ತು.

ಗೆಳೆಯರು ವಾಲ್ಯೂಮ್ ಏರಿಸಿದಾಗ ಪೆಟ್ಟು ಬರದೆ ಗುಂಯ್ ಮಾತ್ರ ಏರಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? 41 ಹರ್ಟ್ಜ್‌ನಲ್ಲಿ ಸಬ್ ಹೆಚ್ಚುಕಮ್ಮಿ ಒಂಟಿ, ಅಲ್ಲಿ ಏರಿಸಿದ್ದೆಲ್ಲ ಕೇಳುತ್ತದೆ. 73ರಲ್ಲಿ ಅದು ಸ್ಪೀಕರ್ ಜೊತೆ ಜಗಳಕ್ಕೆ ನಿಂತಿದೆ, ಏರಿಸಿದಷ್ಟೂ ಸ್ಪೀಕರ್‌ನ ಸದ್ದನ್ನು ತಿನ್ನುತ್ತದೆ.

107ರ ಹಳ್ಳಕ್ಕೆ ಕಾರಣ ಸ್ಪೀಕರ್ ಹಿಂದಿನ ಗೋಡೆ. ಕೆಳಗಿನ ಸ್ವರಗಳು ಸ್ಪೀಕರ್‌ನಿಂದ ಎಲ್ಲ ಕಡೆಗೂ ಹರಡುತ್ತವೆ. ಹಿಂದೆ ಹೋದದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಗೋಡೆಗೂ ಸ್ಪೀಕರ್ ಮುಖಕ್ಕೂ ಇರುವ ದೂರ ಅಲೆಯ ಉದ್ದದ ಕಾಲು ಭಾಗವಾದರೆ, ವಾಪಸ್ ಬಂದದ್ದು ಅರ್ಧ ಅಲೆ ತಡವಾಗಿ ಬಂದು ಎದುರಿನದ್ದನ್ನು ಕಳೆಯುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ಪೀಕರ್ ಮುಖ ಗೋಡೆಯಿಂದ 0.8 ಮೀಟರ್ ಇತ್ತು. 343 ಅನ್ನು 0.8ರ ನಾಲ್ಕು ಪಟ್ಟಿನಿಂದ ಭಾಗಿಸಿದರೆ 107. ಲೆಕ್ಕ ಗ್ರಾಫ್‌ಗೆ ಸರಿಯಾಗಿ ಕೂತಿತು.

41ರ ಉಬ್ಬಿನ ಲೆಕ್ಕವೂ ಇಷ್ಟೇ ಸರಳ. ಎದುರು ಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸಿದಾಗ ಆ ಸ್ವರ ಅಲ್ಲೇ ನಿಂತು ಬೆಳೆಯುತ್ತದೆ. ಇದೇ ರೂಮ್ ಮೋಡ್. 343 ಅನ್ನು ಉದ್ದದ ಎರಡು ಪಟ್ಟಿನಿಂದ, ಅಂದರೆ 8.4ರಿಂದ ಭಾಗಿಸಿದರೆ 40.8 ಹರ್ಟ್ಜ್. ಅಗಲಕ್ಕೆ ಇದೇ ಲೆಕ್ಕ ಹಾಕಿದರೆ 50.4, ಎತ್ತರಕ್ಕೆ 59. ಈ ಮೋಡ್‌ನ ಒತ್ತಡ ಗೋಡೆಯ ಹತ್ತಿರ ಅತಿ ಹೆಚ್ಚು, ಎರಡು ಗೋಡೆಯ ನಡುಮಧ್ಯದಲ್ಲಿ ಹೆಚ್ಚುಕಮ್ಮಿ ಸೊನ್ನೆ. ಸಬ್ ಮೂಲೆಯಲ್ಲಿತ್ತು, ಮೂಲೆ ಎಲ್ಲ ಮೋಡ್‌ಗಳನ್ನೂ ಪೂರ್ತಿಯಾಗಿ ಎಬ್ಬಿಸುತ್ತದೆ. ಕೇಳುವವರ ತಲೆ ಹಿಂದಿನ ಗೋಡೆಗೆ ತಾಗಿತ್ತು, ಎದ್ದದ್ದನ್ನು ಪೂರ್ತಿಯಾಗಿ ಕೇಳುವ ಜಾಗ ಅದು. 13 ಡೆಸಿಬಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಸೋಫಾ

ಸಬ್ ಸರಿಮಾಡಲು ಬಂದವರು ಸೋಫಾ ಯಾಕೆ ತಳ್ಳುತ್ತಾರೆ ಅಂತ ಮನೆಯವರಿಗೆ ಅನ್ನಿಸಿತು. ಆದರೆ ಇದಕ್ಕಿಂತ ದೊಡ್ಡ ಸುಧಾರಣೆ ಯಾವ ಯಂತ್ರದಿಂದಲೂ ಬರುವುದಿಲ್ಲ. ಸೋಫಾವನ್ನು ಮುಂದಕ್ಕೆ ತಂದು, ತಲೆ ಹಿಂದಿನ ಗೋಡೆಯಿಂದ 0.75 ಮೀಟರ್ ದೂರ ಬರುವಂತೆ ಮಾಡಿದೆವು. ಇನ್ನೂ ಮುಂದೆ ತಂದಿದ್ದರೆ 41ರ ಉಬ್ಬು ಮತ್ತಷ್ಟು ಇಳಿಯುತ್ತಿತ್ತು. ಆದರೆ ಉದ್ದದ ಎರಡನೇ ಮೋಡ್ 82 ಹರ್ಟ್ಜ್‌ನಲ್ಲಿದೆ. ಅದರ ತಗ್ಗು ಬೀಳುವುದು ಗೋಡೆಯಿಂದ ಕಾಲು ಭಾಗ ದೂರದಲ್ಲಿ, ಅಂದರೆ 1.05 ಮೀಟರ್‌ನಲ್ಲಿ. ಅಲ್ಲಿ ಕೂತರೆ ಒಂದು ಉಬ್ಬಿನ ಬದಲು ಒಂದು ತಗ್ಗು ಸಿಗುತ್ತದೆ, ಅದೂ ಕ್ರಾಸ್‌ಓವರ್ (ಸ್ಪೀಕರ್‌ನಿಂದ ಸಬ್‌ಗೆ ಕೆಲಸ ದಾಟುವ ಬಿಂದು) ಬರುವ ಜಾಗದಲ್ಲೇ. ನನ್ನ ಲೆಕ್ಕದಲ್ಲಿ ಇದು ಕೆಟ್ಟ ವ್ಯಾಪಾರ. ಉಬ್ಬನ್ನು ಇಳಿಸಬಹುದು, ತಗ್ಗನ್ನು ತುಂಬಲಾಗದು.

ಸ್ಪೀಕರ್‌ಗಳನ್ನು ಹಿಂದಿನ ಗೋಡೆಯ ಕಡೆ ತಳ್ಳಿ 0.55 ಮೀಟರ್‌ಗೆ ತಂದೆವು. 107ರ ಹಳ್ಳ 156ರ ಹತ್ತಿರಕ್ಕೆ ಸರಿಯಿತು, ಆಳವೂ ಕಡಿಮೆ ಆಯಿತು. ಅಲ್ಲಿಗೆ ಸದ್ದು ಹೀರುವ ದಪ್ಪ ಫಲಕವೊಂದನ್ನು ಗೋಡೆಗೆ ಹಾಕಿದರೂ ಸ್ವಲ್ಪ ಉಪಯೋಗವಿದೆ. 40 ಹರ್ಟ್ಜ್‌ನಲ್ಲಿ ಅಂಥ ಫಲಕ ಏನೂ ಮಾಡಲಾರದು. ಅಲ್ಲಿ ಅಲೆಯ ಉದ್ದ 8.5 ಮೀಟರ್‌ಗೂ ಹೆಚ್ಚು, ಕೆಲವು ಇಂಚಿನ ಸ್ಪಂಜು ಅದಕ್ಕೆ ಲೆಕ್ಕಕ್ಕಿಲ್ಲ.

ಸಬ್‌ಗೆ ಜಾಗ ಹುಡುಕಿದ್ದು

ಸಬ್ ಅನ್ನು ಕೋಣೆಯೆಲ್ಲ ಎಳೆದಾಡುವ ಬದಲು ತಿರುಗಾ ಮುರುಗಾ ಮಾಡಿದೆವು. ಸಬ್ ಅನ್ನೇ ಸೋಫಾದ ಮೇಲೆ, ಕೂರುವ ಜಾಗದಲ್ಲಿಟ್ಟೆವು. ಮೈಕ್ ಅನ್ನು ಸಬ್ ಇಡಬಹುದಾದ ಜಾಗಗಳಲ್ಲಿ ನೆಲದ ಹತ್ತಿರ ಹಿಡಿದು ಅಳೆದೆವು. ಸದ್ದಿನ ಮೂಲವನ್ನೂ ಕೇಳುವ ಜಾಗವನ್ನೂ ಅದಲುಬದಲು ಮಾಡಿದರೆ ನಡುವಿನ ದಾರಿಯ ಗುಣ ಬದಲಾಗುವುದಿಲ್ಲ. ಮೈಕ್ ಇಲ್ಲದವರು ಇದನ್ನೇ ಕಿವಿಯಿಂದ ಮಾಡಬಹುದು. ಒಂದೊಂದೇ ಮೆಟ್ಟಿಲು ಏರುವ ಬೇಸ್ ಸ್ವರಗಳನ್ನು ಹಾಕಿ, ಗೋಡೆಯ ಗುಂಟ ಮಂಡಿಯೂರಿ ಹೋಗುತ್ತಾ ಕೇಳುವುದು. ಎಲ್ಲಿ ಬೇಸ್ ದೊಡ್ಡದಾಗಿದೆ ಅಂತ ನೋಡಬೇಡಿ. ಎಲ್ಲಿ ಎಲ್ಲ ಸ್ವರಗಳೂ ಒಂದೇ ಮಟ್ಟದಲ್ಲಿವೆ ಅಂತ ನೋಡಿ.

ಬಲಗಡೆಯ ಗೋಡೆಗೆ ಒತ್ತಿ, ಮುಂದಿನ ಗೋಡೆಯಿಂದ 1.35 ಮೀಟರ್ ದೂರದ ಜಾಗ ಗೆದ್ದಿತು. ಉದ್ದದ ಮೊದಲ ಮೋಡ್ ಅನ್ನು ಅಲ್ಲಿಂದ ಎಬ್ಬಿಸುವ ಬಲ ಮೂಲೆಗಿಂತ ಸುಮಾರು 5.5 ಡೆಸಿಬಲ್ ಕಡಿಮೆ. ಸೋಫಾ ಸರಿಸಿದ್ದರಿಂದ ಇನ್ನೂ ಒಂದೂವರೆ ಡೆಸಿಬಲ್. ಗ್ರಾಫ್‌ನಲ್ಲಿ 13ರ ಉಬ್ಬು 6ಕ್ಕೆ ಇಳಿದಿತ್ತು. ಇಷ್ಟಾದರೂ ಒಂದೂ ನಾಬ್ ಮುಟ್ಟಿರಲಿಲ್ಲ.

ಇದೇ ಗೋಡೆಯ ನಡುಮಧ್ಯಕ್ಕೆ ಹೋಗಿದ್ದರೆ 41ರ ಮೋಡ್ ಏಳುತ್ತಲೇ ಇರಲಿಲ್ಲ. ಆದರೆ ಅಲ್ಲಿ ಬಾಗಿಲಿಗೆ ಹೋಗುವ ದಾರಿ. ಅದೂ ಅಲ್ಲದೆ ಸಬ್ ಕೇಳುವವರಿಗೆ ತೀರಾ ಹತ್ತಿರ ಬರುತ್ತಿತ್ತು. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳುವುದು ಕಷ್ಟ ನಿಜ. ಆದರೆ ಫಿಲ್ಟರ್ ದಾಟಿ ಬರುವ ಮೇಲಿನ ಸ್ವರಗಳು, ಕೋನ್‌ನ (ಸದ್ದು ಮಾಡಲು ಹಿಂದೆ ಮುಂದೆ ಆಡುವ ಭಾಗದ) ಗಾಳಿಯ ಸದ್ದು ಜಾಗವನ್ನು ತೋರಿಸಿಕೊಡುತ್ತವೆ. ಸ್ಪೀಕರ್‌ಗಳ ಸಾಲಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಕೆಲಸ ಹಂಚಿಕೆ

ಈ ಆಂಪ್ಲಿಫೈಯರ್‌ನಲ್ಲಿ ಪ್ರಿ-ಔಟ್ ಮತ್ತು ಮೇನ್-ಇನ್ (ಸಿಗ್ನಲ್ ಅನ್ನು ಹೊರಗೆ ತೆಗೆದು ಮತ್ತೆ ಒಳಗೆ ಕೊಡುವ ಕಿಂಡಿಗಳು) ಎರಡೂ ಇದ್ದದ್ದು ಅನುಕೂಲವಾಯಿತು. ನಡುವೆ ಸಣ್ಣ ಡಿಎಸ್‌ಪಿ (ಸಿಗ್ನಲ್ ಅನ್ನು ಡಿಜಿಟಲ್ ಆಗಿ ತಿದ್ದುವ) ಪೆಟ್ಟಿಗೆ ಒಂದನ್ನು ಸೇರಿಸಿದೆವು. ಅದರಲ್ಲಿ ಸ್ಪೀಕರ್‌ಗಳಿಗೆ ಕೆಳಗಿನ ಸ್ವರ ಕತ್ತರಿಸುವ ಹೈ-ಪಾಸ್, ಸಬ್‌ಗೆ ಲೋ-ಪಾಸ್, ಎರಡೂ 80 ಹರ್ಟ್ಜ್, ಎರಡೂ ಲಿಂಕ್‌ವಿಟ್ಜ್-ರೈಲಿ ಬಗೆ, ಆಕ್ಟೇವ್‌ಗೆ (ಹರ್ಟ್ಜ್ ಇಮ್ಮಡಿ ಅಥವಾ ಅರ್ಧ ಆಗುವ ಅಂತರಕ್ಕೆ) 24 ಡೆಸಿಬಲ್. ಈ ಫಿಲ್ಟರ್‌ಗೆ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಎಂಬ ಇಬ್ಬರು ಎಂಜಿನಿಯರ್‌ಗಳ ಹೆಸರು ಬಂದಿದೆ. 1976ರಲ್ಲಿ ಅದರ ಬಗ್ಗೆ ಲೇಖನ ಪ್ರಕಟವಾಯಿತು. ಅದರ ಸೊಗಸು ಇದು: ದಾಟುವ ಬಿಂದುವಿನಲ್ಲಿ ಎರಡೂ ಕಡೆ 6 ಡೆಸಿಬಲ್ ಇಳಿದಿರುತ್ತವೆ, ಎರಡರ ಫೇಸೂ ಒಂದೇ ಆಗಿರುತ್ತದೆ. ಹೀಗಾಗಿ ಕೂಡಿದಾಗ ಸಮತಟ್ಟು.

ಸ್ಪೀಕರ್‌ಗಳಿಂದ ಬೇಸ್ ಕತ್ತರಿಸಲು ತುಂಬ ಜನ ಒಪ್ಪುವುದಿಲ್ಲ. ಇಷ್ಟು ಚೆನ್ನಾಗಿರುವ ಸ್ಪೀಕರ್‌ನ ಕೈ ಕಟ್ಟುವುದು ಯಾಕೆ ಅನ್ನುತ್ತಾರೆ. ಗೆಳೆಯರಿಗೂ ಹಾಗೇ ಅನ್ನಿಸಿತ್ತು. ಆದರೆ ಒಂದು ಆಕ್ಟೇವ್ ಕೆಳಗಿಳಿದು ಅಷ್ಟೇ ಸದ್ದು ಮಾಡಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕು. ಪೋರ್ಟ್ ಅನ್ನು ಯಾವ ಸ್ವರಕ್ಕೆ ಹೊಂದಿಸಿದೆಯೋ ಅದಕ್ಕಿಂತ ಕೆಳಗೆ ಹೋದರೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಸುಮ್ನೆ ಹಿಂದೆ ಮುಂದೆ ಬಡಿದುಕೊಳ್ಳುತ್ತದೆ. ಅದೇ ಕೋನ್ ಅದೇ ಹೊತ್ತಿಗೆ ದನಿಯನ್ನೂ ಕೊಡಬೇಕು. ಬೇಸ್ ಕತ್ತರಿಸಿದ ಮೇಲೆ ದೊಡ್ಡ ವಾಲ್ಯೂಮ್‌ನಲ್ಲಿ ದನಿ ಎಷ್ಟು ತಿಳಿಯಾಯಿತು ಎಂದರೆ, ಇಡೀ ಪ್ರಕರಣದಲ್ಲಿ ನನಗೆ ಅತಿ ಖುಷಿ ಕೊಟ್ಟ ಬದಲಾವಣೆ ಅದೇ. ಸಬ್‌ವೂಫರ್‌ನ ದೊಡ್ಡ ಲಾಭ ಸಿಗುವುದು ಬೇಸ್‌ನಲ್ಲಲ್ಲ, ಬೇಸ್‌ನ ಹೊರೆ ಇಳಿದ ಸ್ಪೀಕರ್‌ನಲ್ಲಿ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಬ್‌ನದ್ದೇ ಆದ ಲೋ-ಪಾಸ್ ನಾಬ್ ಅನ್ನು ಬೈಪಾಸ್ ಮಾಡಿದೆವು. ಬೈಪಾಸ್ ಇಲ್ಲದ ಸಬ್‌ಗಳಲ್ಲಿ ನಾಬ್ ಅನ್ನು ಕೊನೆಯ ತನಕ ತಿರುಗಿಸಿಡಬೇಕು. ಇಲ್ಲದಿದ್ದರೆ ಎರಡು ಫಿಲ್ಟರ್ ಒಂದರ ಮೇಲೊಂದು ಕೂತು ಫೇಸ್ ಲೆಕ್ಕವೆಲ್ಲ ತಪ್ಪುತ್ತದೆ.

ಮಟ್ಟ ಹೊಂದಿಸುವುದು ಬೇಗ ಮುಗಿಯಿತು. ಸಬ್‌ನ ಗ್ರಾಫ್ ಸ್ಪೀಕರ್ ಗ್ರಾಫ್‌ನ ಮಟ್ಟಕ್ಕೆ ಬರುವಂತೆ ಮಾಡಿ, ಆಮೇಲೆ ಸಬ್ ಅನ್ನು 3 ಡೆಸಿಬಲ್ ಮೇಲಿಟ್ಟೆವು. ಕೋಣೆಯಲ್ಲಿ ಬೇಸ್ ಕಡೆಗೆ ಸ್ವಲ್ಪ ಏರುವ ಗ್ರಾಫ್ ಕಿವಿಗೆ ಸಹಜ. ಗೆರೆ ಎಳೆದ ಹಾಗೆ ಸಮತಟ್ಟಾಗಿಟ್ಟರೆ ಹೆಚ್ಚಿನವರಿಗೆ ಸದ್ದು ತೆಳುವಾಗಿ ಕೇಳುತ್ತದೆ.

ಹೊತ್ತು ಹೊಂದಿಸಿದ್ದು

73ರ ಹಳ್ಳಕ್ಕೆ ಕಾರಣ ಗೊತ್ತಿತ್ತು. ಪೊಲಾರಿಟಿ ತಿರುಗಿಸಿದರೆ ಅದು ತುಂಬಿಕೊಳ್ಳುತ್ತದೆ ಅಂತಲೂ ಗೊತ್ತಿತ್ತು. ಹಾಗಾದರೆ ತಿರುಗಿಸಿ ಸುಮ್ಮನಿರಬಹುದಲ್ವಾ? ಅಳೆಯುವ ಸಾಧನ ಇಲ್ಲದಿದ್ದರೆ ಹಾಗೆ ಮಾಡುವುದು ತಪ್ಪಲ್ಲ. ಆದರೆ ಪೊಲಾರಿಟಿ ತಿರುಗಿಸುವುದು ಒರಟು ಉಪಾಯ. ಒಂದು ಕಡೆ ಹಳ್ಳ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಹಳ್ಳ ಬೀಳಬಹುದು. ಸಬ್ ಹಿಂದಿನ 0ರಿಂದ 180ರ ತನಕದ ಫೇಸ್ ನಾಬ್ ಇದಕ್ಕಿಂತ ಪರವಾಗಿಲ್ಲ. ಆದರೂ ಅದು ನಿಜವಾದ ವಿಳಂಬ ಕೊಡುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಅದು ತಿರುಗಿಸುವ ಪ್ರಮಾಣ ಬದಲಾಗುತ್ತದೆ. ನಮ್ಮ ಕೈಯಲ್ಲಿ ಈಗ ಡಿಎಸ್‌ಪಿ ಇತ್ತು. ಮಿಲಿಸೆಕೆಂಡ್ ಲೆಕ್ಕದಲ್ಲಿ ನೇರವಾಗಿ ವಿಳಂಬ ಹಾಕಬಹುದಿತ್ತು.

ಯಾರಿಗೆ ವಿಳಂಬ ಹಾಕಬೇಕು? ಟೇಪು ಹಿಡಿದು ಅಳೆದೆವು. ಕೂರುವ ಜಾಗದಿಂದ ಸ್ಪೀಕರ್‌ಗಳು 3.07 ಮೀಟರ್, ಸಬ್ 2.55 ಮೀಟರ್. ಸಬ್ ಅರ್ಧ ಮೀಟರ್ ಹತ್ತಿರ. ಸದ್ದು ಒಂದು ಮಿಲಿಸೆಕೆಂಡ್‌ಗೆ 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಸಬ್ ಒಂದೂವರೆ ಮಿಲಿಸೆಕೆಂಡ್ ಮುಂಚೆ ಬರುತ್ತದೆ, ಅದನ್ನು ಅಷ್ಟು ತಡೆದು ನಿಲ್ಲಿಸಬೇಕು ಎಂದು ಟೇಪು ಹೇಳಿತು.

ಮೈಕ್ ಇದಕ್ಕೆ ಪೂರ್ತಿ ಉಲ್ಟಾ ಹೇಳಿತು. ಸಬ್ ಎರಡು ಮಿಲಿಸೆಕೆಂಡ್‌ಗಿಂತ ಜಾಸ್ತಿ ತಡವಾಗಿ ಬರುತ್ತಿತ್ತು. ಕಾರಣ ಸಬ್‌ನ ಒಳಗೇ ಇದೆ. ಈಗಿನ ಬಹಳಷ್ಟು ಸಬ್‌ಗಳ ಆಂಪ್ಲಿಫೈಯರ್‌ನಲ್ಲಿ ಅದರದ್ದೇ ಡಿಎಸ್‌ಪಿ ಇರುತ್ತದೆ, ಅದು ಕೆಲವು ಮಿಲಿಸೆಕೆಂಡ್ ತಿನ್ನುತ್ತದೆ. ಮೊದಲಿನ ಜೋಡಣೆಯಲ್ಲಿ ಇದರ ಜೊತೆಗೆ ಲೋ-ಪಾಸ್ ಫಿಲ್ಟರ್‌ನ ವಿಳಂಬವೂ ಸೇರಿತ್ತು. ಫಿಲ್ಟರ್ ಸದ್ದನ್ನು ಕತ್ತರಿಸುವುದಷ್ಟೇ ಅಲ್ಲ, ತಡವನ್ನೂ ಮಾಡುತ್ತದೆ. 80 ಹರ್ಟ್ಜ್‌ನ 24 ಡೆಸಿಬಲ್ ಲಿಂಕ್‌ವಿಟ್ಜ್-ರೈಲಿ ಲೋ-ಪಾಸ್ ಕೆಳಗಿನ ಸ್ವರಗಳನ್ನು ಸುಮಾರು 5.6 ಮಿಲಿಸೆಕೆಂಡ್ ತಡ ಮಾಡುತ್ತದೆ, ಅಂದರೆ ಹೆಚ್ಚುಕಮ್ಮಿ 1.9 ಮೀಟರ್ ದೂರಕ್ಕೆ ಸಮ. ಸ್ಪೀಕರ್‌ಗೆ ಅದೇ ಬಗೆಯ ಹೈ-ಪಾಸ್ ಇದ್ದರೆ ಎರಡೂ ಒಂದೇ ರೀತಿ ತಿರುಗುವುದರಿಂದ ತೊಂದರೆ ಇಲ್ಲ. ಸ್ಪೀಕರ್ ಪೂರ್ತಿ ಬಿಟ್ಟಿದ್ದರೆ ಇದು ಬಾಕಿ ಉಳಿಯುತ್ತದೆ. ಅದಕ್ಕೇ ಟೇಪಿನ ಅಳತೆಯನ್ನು ನೇರವಾಗಿ ಹಾಕಿಬಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಯುಎಸ್‌ಬಿ ಮೈಕ್‌ನಲ್ಲಿ ಹೊತ್ತು ಅಳೆಯಲು ಒಂದು ಎಚ್ಚರ ಬೇಕು. ಮೈಕ್‌ಗೂ ಸ್ಪೀಕರ್‌ಗೂ ಒಂದೇ ಗಡಿಯಾರ ಇರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಅಕೌಸ್ಟಿಕ್ ಟೈಮಿಂಗ್ ರೆಫರೆನ್ಸ್ ಆಯ್ಕೆ ಹಾಕಿದರೆ, ಪ್ರತಿ ಅಳತೆಗೂ ಮೊದಲು ಒಂದು ಸ್ಪೀಕರ್‌ನಿಂದ ಚಿಕ್ಕ ಚಿಲಿಪಿಲಿ ಸದ್ದು ಬರುತ್ತದೆ. ಎಲ್ಲ ಅಳತೆಗೂ ಅದೇ ಸೊನ್ನೆ.

ಆಮೇಲೆ ಉಲ್ಟಾ ಹಾಕಿ ಹುಡುಕಿದೆವು. ಸಬ್‌ನ ಪೊಲಾರಿಟಿಯನ್ನು ಬೇಕೆಂದೇ ತಿರುಗಿಸಿ, ಸ್ಪೀಕರ್‌ಗಳ ವಿಳಂಬವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ, 80 ಹರ್ಟ್ಜ್‌ನಲ್ಲಿ ಅತಿ ಆಳದ ಹಳ್ಳ ಬೀಳುವ ತನಕ ಹೋಗುವುದು. ಉಲ್ಟಾ ಇದ್ದಾಗ ಪೂರ್ತಿ ಕಳೆದರೆ, ನೆಟ್ಟಗೆ ಇದ್ದಾಗ ಪೂರ್ತಿ ಕೂಡುತ್ತದೆ. ಕೂಡುವುದರ ಶಿಖರ ಚಪ್ಪಟೆ, ಕಣ್ಣಿಗೆ ಹಿಡಿಯುವುದು ಕಷ್ಟ. ಕಳೆಯುವ ಹಳ್ಳ ಚೂಪು, ಎಲ್ಲಿ ಸರಿ ಅಂತ ಥಟ್ಟನೆ ತೋರಿಸುತ್ತದೆ. ಸ್ಪೀಕರ್‌ಗಳನ್ನು 2.5 ಮಿಲಿಸೆಕೆಂಡ್ ತಡೆದಾಗ ಹಳ್ಳ 20 ಡೆಸಿಬಲ್‌ಗೂ ಆಳ ಹೋಯಿತು. ಪೊಲಾರಿಟಿ ನೆಟ್ಟಗೆ ಮಾಡಿದಾಗ 50ರಿಂದ 120ರ ತನಕ ಗ್ರಾಫ್ ತುಂಬಿಕೊಂಡು ನಿಂತಿತು.

ಇಲ್ಲಿ ಮೋಸಹೋಗುವ ಒಂದು ಜಾಗವಿದೆ. 80 ಹರ್ಟ್ಜ್‌ನ ಒಂದು ಪೂರ್ತಿ ಅಲೆಗೆ 12.5 ಮಿಲಿಸೆಕೆಂಡ್ ಬೇಕು. ವಿಳಂಬ ಅಷ್ಟು ತಪ್ಪಿದರೂ 80ರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಗ 60ರಲ್ಲೂ 110ರಲ್ಲೂ ಕೂಡುತ್ತಿದೆಯೇ ಅಂತ ನೋಡಬೇಕು. ಒಂದು ಅಲೆ ತಪ್ಪಿದ್ದರೆ ಅಲ್ಲಿ ಗುಟ್ಟು ಬಯಲಾಗುತ್ತದೆ.

ಕೊನೆಗೆ ಈಕ್ಯೂ

ಈಕ್ಯೂ ಎಂದರೆ ಆಯ್ದ ಸ್ವರಗಳ ಮಟ್ಟವನ್ನು ಏರಿಸುವ ಅಥವಾ ಇಳಿಸುವ ಫಿಲ್ಟರ್. ಉಳಿದದ್ದು 41ರಲ್ಲಿ 6 ಡೆಸಿಬಲ್ ಉಬ್ಬು. ಸಬ್‌ನ ದಾರಿಯಲ್ಲಿ ಒಂದೇ ಒಂದು ಫಿಲ್ಟರ್ ಹಾಕಿದೆವು: 41 ಹರ್ಟ್ಜ್, 5 ಡೆಸಿಬಲ್ ಕಡಿತ, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಎಂಬುದರ ಅಳತೆ) 6. ರೂಮ್ ಮೋಡ್‌ನ ಉಬ್ಬನ್ನು ಹೀಗೆ ಸರಿಯಾದ ಅಗಲದಲ್ಲಿ ಇಳಿಸಿದರೆ ಮಟ್ಟದ ಜೊತೆಗೆ ಅದರ ಎಳೆತವೂ ಕಡಿಮೆ ಆಗುತ್ತದೆ. ಸ್ವರ ಬೇಗ ನಿಲ್ಲುತ್ತದೆ. ಅಳತೆಯಲ್ಲೂ ಅದು ಕಂಡಿತು.

ಹಳ್ಳಗಳಿಗೆ ಏನೂ ಏರಿಸಲಿಲ್ಲ. 10 ಡೆಸಿಬಲ್ ಏರಿಸುವುದೆಂದರೆ ಆಂಪ್ಲಿಫೈಯರ್‌ನಿಂದ 10 ಪಟ್ಟು ಶಕ್ತಿ ಕೇಳುವುದು. ನೇರ ಬರುವ ಅಲೆಯನ್ನು ಏರಿಸಿದರೆ ಗೋಡೆಯಿಂದ ವಾಪಸ್ ಬರುವ ಅಲೆಯೂ ಅಷ್ಟೇ ಏರುತ್ತದೆ, ಕಳೆಯುವುದು ಹಾಗೇ ಉಳಿಯುತ್ತದೆ. ಗ್ರಾಫ್ ಚೆಂದ ಮಾಡಲು ಇಲ್ಲೇ ಸಬ್‌ಗಳನ್ನು ಸುಡುತ್ತಾರೆ.

ಈಕ್ಯೂ ಹಾಕುವ ಮೊದಲು ತಲೆಯ ಸುತ್ತಲಿನ ಕೆಲವು ಜಾಗದಲ್ಲಿ ಅಳೆದು ಸರಾಸರಿ ತೆಗೆದೆವು. ಒಂದೇ ಬಿಂದುವಿನ ಗ್ರಾಫ್ ನಂಬಿ ತಿದ್ದಿದರೆ ತಲೆ ಸ್ವಲ್ಪ ವಾಲಿಸಿದರೂ ತಿದ್ದುಪಡಿ ತಪ್ಪಾಗಬಹುದು.

ಕೇಳಿದಾಗ

ಮೊದಲು ನಿಧಾನವಾಗಿ 20ರಿಂದ 120 ಹರ್ಟ್ಜ್‌ಗೆ ಏರುವ ಒಂದೇ ಸ್ವರ ಹಾಕಿದೆವು. ಕಿಟಕಿಯ ಒಂದು ಗಾಜು, ಕಪಾಟಿನ ಬಾಗಿಲು ಗಡಗಡ ಎಂದವು. ಅವಕ್ಕೆ ಫೆಲ್ಟ್ ತುಂಡು ಅಂಟಿಸಿದ ಮೇಲೆ ಬೇಸ್ ಇನ್ನಷ್ಟು ಶುದ್ಧವಾಯಿತು. ಇಂಥ ಗಡಗಡವನ್ನು ಜನ ಸಬ್‌ನ ದೋಷ ಅಂದುಕೊಂಡಿರುತ್ತಾರೆ.

ಆಮೇಲೆ ಸಂಗೀತ. ಬೇಸ್ ಗಿಟಾರ್ ಕೆಳಗಿನಿಂದ ಮೇಲಕ್ಕೆ ನಡೆಯುವ ಹಾಡು ಹಾಕಿದಾಗ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಬಂತು. ಕಿಕ್ ಡ್ರಮ್‌ನ ಪೆಟ್ಟು ಬಂತು, ಬಂದು ನಿಂತಿತು. ಒಂಟಿ ಗಂಡು ದನಿಯ ರೆಕಾರ್ಡಿಂಗ್ ಹಾಕಿ ಸಬ್‌ನ ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿದೆವು. ದನಿಯ ಬಣ್ಣ ಬದಲಾಗಲಿಲ್ಲ. ಇದು ನಾನು ತುಂಬ ನಂಬುವ ಪರೀಕ್ಷೆ. ದನಿ ದಪ್ಪಗಾದರೆ ಸಬ್ ತನ್ನ ಗಡಿ ದಾಟಿದೆ ಅಂತಲೇ ಅರ್ಥ.

ಕೆಲವು ದಿನ ಕೇಳಿದ ಮೇಲೆ ಗೆಳೆಯರು ಸಬ್ ಅನ್ನು 2 ಡೆಸಿಬಲ್ ಇಳಿಸಿದರು. ಅದು ಸರಿಯೇ. ಕೆಳಗಿನ ಸ್ವರಗಳಲ್ಲಿ ಮಟ್ಟದ ಸಣ್ಣ ಬದಲಾವಣೆಯೂ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ವಾಲ್ಯೂಮ್ ಕಡಿಮೆ ಮಾಡಿದರೆ ಬೇಸ್ ಮಿಕ್ಕ ಸ್ವರಗಳಿಗಿಂತ ಬೇಗ ಕರಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಡಿಎಸ್‌ಪಿಯಲ್ಲಿ ರಾತ್ರಿ ಮೆಲ್ಲಗೆ ಕೇಳಲು ಸಬ್ 4 ಡೆಸಿಬಲ್ ಹೆಚ್ಚಿರುವ ಇನ್ನೊಂದು ಪ್ರಿಸೆಟ್ ಇಟ್ಟೆವು. ಮೆಲ್ಲಗೆ ಕೇಳುವಾಗ ಸಬ್ ತಾನಾಗಿ ನಿದ್ದೆಗೆ ಹೋಗುತ್ತಿತ್ತು. ಆಟೋ ಸ್ಟ್ಯಾಂಡ್‌ಬೈ ಎಚ್ಚರಗೊಳ್ಳಲು ಬೇಕಾದಷ್ಟು ಸಿಗ್ನಲ್ ಸಿಗುತ್ತಿರಲಿಲ್ಲ. ಅದನ್ನು ಯಾವಾಗಲೂ ಆನ್‌ಗೆ ಹಾಕಿದೆವು.

ಉಳಿದದ್ದು

ಸೋಫಾದ ಪಕ್ಕದ ಸೀಟು ಸರಿಯಾಗಿಲ್ಲ. ನಡುವಿನ ಸೀಟು ಕೋಣೆಯ ಅಗಲದ ಮಧ್ಯದಲ್ಲಿದೆ, ಹಾಗಾಗಿ 50 ಹರ್ಟ್ಜ್‌ನ ಅಗಲದ ಮೋಡ್ ಅಲ್ಲಿ ಕೇಳುವುದಿಲ್ಲ. 60 ಸೆಂಟಿಮೀಟರ್ ಪಕ್ಕಕ್ಕೆ ಸರಿದು ಕೂತರೆ ಅದರ ಅರ್ಧದಷ್ಟು ಒತ್ತಡ ಕಿವಿಗೆ ಬರುತ್ತದೆ, ಬೇಸ್ ಗಿಟಾರ್‌ನ ಜಿ ಸ್ವರ ದಪ್ಪಗಾಗುತ್ತದೆ. ಒಂದೇ ಸಬ್‌ನಿಂದ, ಒಂದೇ ಈಕ್ಯೂನಿಂದ ಎರಡೂ ಸೀಟು ಸರಿಮಾಡಲು ಆಗುವುದಿಲ್ಲ. ಪಕ್ಕದ ಸೀಟಿಗೆಂದು 50ರಲ್ಲಿ ಕಡಿತ ಹಾಕಿದರೆ ನಡುವಿನ ಸೀಟಿನಲ್ಲಿ ಆ ಸ್ವರ ಇನ್ನೂ ಸೊರಗುತ್ತದೆ.

ಇದಕ್ಕೆ ದಾರಿ ಎರಡನೇ ಸಬ್. ಎಡಗೋಡೆಯ ಮೇಲೆ, ಈಗಿನ ಸಬ್‌ಗೆ ನೇರ ಎದುರಿಗೆ, ಅದೂ 1.35 ಮೀಟರ್‌ನಲ್ಲೇ. ಎರಡು ಗೋಡೆಯಿಂದ ಒಂದೇ ಹೊತ್ತಿಗೆ ಸಮನಾಗಿ ಒತ್ತಿದರೆ ಅಗಲದ ಮೊದಲ ಮೋಡ್ ಏಳುವುದಿಲ್ಲ. ಟಾಡ್ ವೆಲ್ಟಿ ಎಂಬ ಸಂಶೋಧಕ 2002ರಲ್ಲಿ ಹಲವು ಸಬ್‌ಗಳ ಜಾಗಗಳನ್ನು ಹೋಲಿಸಿ ನೋಡಿದಾಗ, ಎದುರು ಬದುರಿನ ಎರಡು ಗೋಡೆಗಳ ನಡುಮಧ್ಯದಲ್ಲಿ ಒಂದೊಂದಾಗಿ ಇಟ್ಟ ಎರಡು ಸಬ್‌ಗಳು ತುಂಬ ಒಳ್ಳೆಯ ಫಲ ಕೊಟ್ಟಿದ್ದವು. ನಮ್ಮ ಜಾಗ ಗೋಡೆಯ ನಡು ಅಲ್ಲ, ಆದರೆ ಅಗಲದ ಮೋಡ್‌ನ ಮಟ್ಟಿಗೆ ಈ ಜೋಡಿ ಅದೇ ಕೆಲಸ ಮಾಡುತ್ತದೆ. ಗೆಳೆಯರು ಹೆಚ್ಚಾಗಿ ಒಬ್ಬರೇ ಕೇಳುವವರು, ಸದ್ಯಕ್ಕೆ ಬೇಡ ಅಂದಿದ್ದಾರೆ. ತಂದರೆ ಅದೇ ಮಾದರಿಯನ್ನೇ ತರಬೇಕು, ಇಲ್ಲದಿದ್ದರೆ ಒಳಗಿನ ವಿಳಂಬ ಬೇರೆಯಾಗುತ್ತದೆ. ಆಗ ಎರಡು ಸಬ್‌ಗಳನ್ನು ಮೊದಲು ಒಂದಕ್ಕೊಂದು ಹೊಂದಿಸಿ, ಆ ಜೋಡಿಯನ್ನು ಒಂದೇ ಸಬ್ ಎಂದು ಹಿಡಿದು, ಮಟ್ಟ, ವಿಳಂಬ, 41ರ ಫಿಲ್ಟರ್ ಮೂರನ್ನೂ ಮತ್ತೆ ಅಳೆದು ಹಾಕಬೇಕಾಗುತ್ತದೆ.